ಓಡುವವರ ದಾರಿಯಲ್ಲಿ ನಿಂತವರು

ಬೆಟ್ಟಗುಡ್ಡಗಳ ನಡುವೆ ಹಗಲು ರಾತ್ರಿ ಸಾಗುವ ದೂರದ ಓಟಗಳಿಗೆ ಈಗ ಕರ್ನಾಟಕದಲ್ಲೂ ಒಳ್ಳೆಯ ಹೆಸರಿದೆ. ಓಡಿದವರ ಕೊರಳಿನ ಪದಕ ಎಲ್ಲರಿಗೂ ಕಾಣುತ್ತದೆ. ಅವರನ್ನು ಸುರಕ್ಷಿತವಾಗಿ ಮನೆ ಸೇರಿಸುವ ಸ್ವಯಂಸೇವಕರು ಮಾಡುವ ಕೆಲಸವೇನು? ಚಿತ್ರದುರ್ಗದ ಬೆಟ್ಟಸಾಲನ್ನು ಮುಂದಿಟ್ಟುಕೊಂಡು ಒಂದು ವಿವರಣೆ.

2021ರ ಮೇ 22. ಚೀನಾದ ಗಾನ್ಸು ಪ್ರಾಂತ್ಯದಲ್ಲಿ, ಹಳದಿ ನದಿಯ ದಂಡೆಯ ಕಲ್ಲುಬೆಟ್ಟಗಳಲ್ಲಿ 100 ಕಿ.ಮೀ. ಓಟ. 172 ಮಂದಿ ಹೊರಟಿದ್ದರು. ಹೆಚ್ಚಿನವರ ಮೈಮೇಲೆ ತೆಳು ಅಂಗಿ, ಚಡ್ಡಿ ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ ಎದ್ದು, ಆಲಿಕಲ್ಲಿನ ಜೊತೆ ಕೊರೆಯುವ ಮಳೆ ಸುರಿಯಿತು. ಮುಂದಿದ್ದ ಓಟಗಾರರು ಆಗ ಎರಡನೇ ಮತ್ತು ಮೂರನೇ ತಂಗುದಾಣಗಳ ನಡುವಿನ ಕಡಿದಾದ ಏರಿನಲ್ಲಿದ್ದರು. ಅಲ್ಲಿಗೆ ವಾಹನ ಹತ್ತುತ್ತಿರಲಿಲ್ಲ. ಮೂರನೇ ತಂಗುದಾಣದಲ್ಲಿ ತಿನ್ನಲು, ಕುಡಿಯಲು ಏನನ್ನೂ ಇಟ್ಟಿರಲಿಲ್ಲ. 21 ಓಟಗಾರರು ಚಳಿಗೆ ಸಿಕ್ಕಿ ಸತ್ತರು. ಅದೇ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ ಝು ಕೆಮಿಂಗ್ ಎಂಬ ಕುರಿಗಾಹಿ, ತಾನು ಮಳೆಗೆ ಆಸರೆ ಪಡೆದಿದ್ದ ಗುಹೆಗೆ ಓಟಗಾರರನ್ನು ಕರೆತಂದ. ಬೆಂಕಿ ಹಾಕಿ, ಬಟ್ಟೆ ಹೊದಿಸಿ ಆರು ಜನರ ಜೀವ ಉಳಿಸಿದ.

ಸಂಭ್ರಮದ ಕ್ರೀಡೆಯೊಂದರ ಮಾತನ್ನು ದುರಂತದಿಂದ ಆರಂಭಿಸಲು ಕಾರಣವಿದೆ. ಸತ್ತವರಲ್ಲಿ ಆ ದೇಶದ ಪಳಗಿದ ಓಟಗಾರರೂ ಇದ್ದರು. ತಯಾರಿ, ದೇಹಬಲ, ಛಲ ಯಾವುದಕ್ಕೂ ಅವರಲ್ಲಿ ಕೊರತೆ ಇರಲಿಲ್ಲ. ಬೇಕಾದ ಜಾಗದಲ್ಲಿ ಬೇಕಾದ ಹೊತ್ತಿಗೆ ನಿಂತಿದ್ದ, ಆ ಜಾಗವನ್ನು ಬಲ್ಲ ಮನುಷ್ಯರ ಕೊರತೆ ಇತ್ತು. ಅಂಥ ಒಬ್ಬನೇ ಒಬ್ಬ ಅಲ್ಲಿದ್ದ. ಅವನೂ ಓಟದ ವ್ಯವಸ್ಥೆಗೆ ಸೇರಿದವನಲ್ಲ. ದೂರದ ಓಟದ ಭದ್ರತೆ ನಿಂತಿರುವುದು ನಿಂತವರ ಮೇಲೆ. ಅವರನ್ನು ‘ನೀರು ಕೊಡೋರು’ ಎಂದು ಹಗುರವಾಗಿ ಮಾತಾಡುವುದು ಬಿಟ್ಟು, ಅವರ ಕೆಲಸವನ್ನು ಕಲಿಯಬೇಕಾದ ವಿದ್ಯೆ ಎಂದು ನೋಡಬೇಕು. ಚಿತ್ರದುರ್ಗ ಸೀಮೆಯಲ್ಲಿ ಆ ವಿದ್ಯೆಯ ಅರ್ಧಪಾಲು ಈಗಾಗಲೇ ಇದೆ ಎಂಬುದು ನನ್ನ ನಂಬಿಕೆ.

ಒಬ್ಬ ಓಟಗಾರನಿಗೆ ನಾಲ್ವರು

ಮ್ಯಾರಥಾನ್ ದೂರ 42.195 ಕಿ.ಮೀ. ಅದನ್ನು ಮೀರಿದ್ದೆಲ್ಲ ಅಲ್ಟ್ರಾ. ಡಾಂಬರು ಬಿಟ್ಟು ಕಾಲುದಾರಿ, ಬಂಡಿಜಾಡು, ಕೆರೆ ಏರಿ, ಗುಡ್ಡದ ನೆತ್ತಿಯ ಮೇಲೆ ಓಡಿದರೆ ಅದು ಟ್ರೇಲ್ ಓಟ. 2007ರಲ್ಲಿ ಶುರುವಾದ ಬೆಂಗಳೂರು ಅಲ್ಟ್ರಾ ನಮ್ಮ ರಾಜ್ಯದವರಿಗೆ ಈ ದೂರಗಳ ರುಚಿ ಹತ್ತಿಸಿತು. ಶ್ರೀರಂಗಪಟ್ಟಣದ ಬಳಿ ಕಾಲುವೆಯ ಮಣ್ಣುದಾರಿಯಲ್ಲಿ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿ.ಮೀ. ಮತ್ತು ಅದಕ್ಕೂ ಹೆಚ್ಚಿನ ದೂರ ಓಡುವವರಿದ್ದಾರೆ.

ಇಂಥ ಓಟಕ್ಕೆ ಎಷ್ಟು ಜನ ದುಡಿಯಬೇಕು ಎಂಬುದಕ್ಕೆ ಅಮೆರಿಕದ ವೆಸ್ಟರ್ನ್ ಸ್ಟೇಟ್ಸ್ ಓಟದ ಲೆಕ್ಕ ನೋಡಬಹುದು. 1974ರಲ್ಲಿ ಗಾರ್ಡಿ ಐನ್ಸ್‌ಲೀ ಎಂಬಾತ ನೂರು ಮೈಲಿಯ ಕುದುರೆ ಪಂದ್ಯದ ದಾರಿಯನ್ನು ಕುದುರೆಯಿಲ್ಲದೆ ಓಡಿ ಮುಗಿಸಿದ. ಮುಂದೆ ಅದೇ ದಾರಿ ಜಗತ್ತಿನ ಹೆಸರುವಾಸಿ ಟ್ರೇಲ್ ಓಟವಾಯಿತು. ಅಲ್ಲಿ ಓಡುವವರು ಸುಮಾರು 370, ಸ್ವಯಂಸೇವಕರು ಸುಮಾರು 1,500. ಒಬ್ಬ ಓಟಗಾರನ ಹಿಂದೆ ನಾಲ್ವರು. ಇನ್ನೂ ಒಂದು ಕಟ್ಟಳೆ ಅಲ್ಲಿದೆ. ಓಡಲು ಬರುವವರು ಮೊದಲು ಯಾವುದಾದರೂ ಓಟದಲ್ಲಿ ಅಥವಾ ಕಾಡುದಾರಿಯ ದುರಸ್ತಿಯಲ್ಲಿ ಎಂಟು ಗಂಟೆ ಸ್ವಯಂಸೇವೆ ಮಾಡಿರಬೇಕು. ಓಡುವುದು, ಓಡುವವರನ್ನು ನೋಡಿಕೊಳ್ಳುವುದು ಒಂದೇ ಕ್ರೀಡೆಯ ಎರಡು ಕೆಲಸ ಎಂಬ ತಿಳಿವಳಿಕೆ ಆ ಕಟ್ಟಳೆಯ ಹಿಂದಿದೆ. ನಮ್ಮ ಆಯೋಜಕರೂ ಇದನ್ನು ಅಳವಡಿಸಿಕೊಳ್ಳಬಹುದು, ಅದಕ್ಕೆ ಕಾಸಿನ ಖರ್ಚಿಲ್ಲ.

ನಾಲ್ಕು ತಾಲ್ಲೂಕಿನ ಒಂದೇ ಬೆಟ್ಟಸಾಲು

ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳನ್ನು ಒಂದು ಬೆಟ್ಟಸಾಲು ಹಾದುಹೋಗುತ್ತದೆ. ಕೋಟೆಯ ಬಂಡೆಗಳ ಮಗ್ಗುಲಿಗೆ ಚಂದ್ರವಳ್ಳಿ, ಅದರಾಚೆ ಜೋಗಿಮಟ್ಟಿ. ದಕ್ಷಿಣಕ್ಕೆ ಸಾಗಿದಂತೆ ಗುಡ್ಡಗಳು ಸಾಲುಗಟ್ಟುತ್ತ ಮಾರಿಕಣಿವೆಗೆ ಬರುತ್ತವೆ. ಅಲ್ಲಿ ವೇದಾವತಿ ನದಿ ಎರಡು ಬೆಟ್ಟಗಳ ನಡುವೆ ದಾರಿ ಮಾಡಿಕೊಂಡು ಹೊರಬರುತ್ತದೆ. ಆ ಇಕ್ಕಟ್ಟಿಗೇ ಅಡ್ಡಲಾಗಿ 1907ರ ಹೊತ್ತಿಗೆ ವಾಣಿ ವಿಲಾಸ ಸಾಗರದ ಕಟ್ಟೆ ಎದ್ದಿತು. 1933ರಲ್ಲಿ ತುಂಬಿ ಕೋಡಿ ಹರಿದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎರಡು ತಲೆಮಾರಿನ ಜನ ಕೋಡಿಯ ಕತೆಯನ್ನು ಕೇಳಿದ್ದರೇ ಹೊರತು ಕಂಡಿರಲಿಲ್ಲ. ಈ ನೆಲದಲ್ಲಿ ನೀರೆಂದರೆ ಏನು ಎಂದು ತಿಳಿಯಲು ಅಷ್ಟು ಸಾಕು.

ಮಲೆನಾಡಿನ ಓಟಕ್ಕೂ ಇಲ್ಲಿನ ಓಟಕ್ಕೂ ತುಂಬ ವ್ಯತ್ಯಾಸವಿದೆ. ಮಲೆನಾಡಿನಲ್ಲಿ ಓಟಗಾರನನ್ನು ಕಾಡುವುದು ಕೆಸರು, ಜಿಗಣೆ, ಜಾರು ದಾರಿ. ದುರ್ಗದ ಸೀಮೆಯಲ್ಲಿ ಮೊದಲ ಕಷ್ಟ ಬಿಸಿಲು, ಆಮೇಲೆ ನೆರಳಿಲ್ಲದ ದಾರಿ. ಗುಡ್ಡದ ನೆತ್ತಿಯಲ್ಲಿ ಬೀಸುವ ಗಾಳಿ ಬೆವರನ್ನು ಮೈಮೇಲೆ ನಿಲ್ಲಗೊಡುವುದಿಲ್ಲ. ಗಾಳಿಯಂತ್ರಗಳು ಇಲ್ಲಿನ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಬೆವರು ಹನಿಗಟ್ಟುವ ಮೊದಲೇ ಆರಿಹೋಗುವುದರಿಂದ, ತನ್ನ ದೇಹ ಎಷ್ಟು ನೀರು, ಎಷ್ಟು ಉಪ್ಪು ಕಳೆದುಕೊಂಡಿತು ಎಂಬುದು ಓಟಗಾರನಿಗೆ ತಿಳಿಯುವುದೇ ಇಲ್ಲ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿದಾಗ ಅದು ಮೊದಲು ಕಾಣುವುದು ಎದುರು ನಿಂತ ಸ್ವಯಂಸೇವಕನಿಗೆ.

ಕಾಲ ಕೆಳಗೆ ಉರುಟು ಕಲ್ಲು, ಚೂಪು ಕಲ್ಲು. ಇಕ್ಕೆಲದಲ್ಲಿ ಕಾರೆ, ಜಾಲಿ, ಕಳ್ಳಿ, ಸೀತಾಫಲ, ತಂಗಡಿ, ಬಂದರಿಕೆ. ಈ ಪೊದೆಗಾಡು ಕರಡಿ, ಚಿರತೆಗಳ ಮನೆ. ಜೋಗಿಮಟ್ಟಿ 2015ರಲ್ಲಿ ವನ್ಯಜೀವಿಧಾಮವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಇನ್ನೊಂದು ತೊಡಕೂ ಇದೆ. ಓಟಕ್ಕೆ ಹದವಾದ ಕಾಲ ಚಳಿಗಾಲ. ಕರಡಿ ಮರಿ ಹಾಕುವುದೂ ಆ ದಿನಗಳಲ್ಲೇ. ಬೆಳಗಿನ ಜಾವ, ಮುಸ್ಸಂಜೆ ಕರಡಿ ಓಡಾಡುವ ಹೊತ್ತು. ಬಿಸಿಲು ತಪ್ಪಿಸಲು ಓಟಗಾರರು ಹೊರಡಬಯಸುವುದೂ ಅದೇ ಹೊತ್ತಿಗೆ. ಸದ್ದಿಲ್ಲದೆ ತಿರುವಿನಲ್ಲಿ ಎದುರಾದ ಮನುಷ್ಯನನ್ನು ಕಂಡು ಬೆದರಿ ಮೈಮೇಲೆ ಬೀಳುವುದು ಕರಡಿಯ ಸ್ವಭಾವ. ಆದ್ದರಿಂದ ವನ್ಯಜೀವಿಧಾಮದ ಒಳಗನ್ನು ಬಿಟ್ಟು ಬೆಟ್ಟದ ತಪ್ಪಲು, ಕೆರೆ ಏರಿ, ಹಳ್ಳಿಗಳ ನಡುವಿನ ಬಂಡಿದಾರಿಗಳಲ್ಲಿ ಓಟದ ಹಾದಿ ಹಾಕುವುದು ಜಾಣತನ. ಬೆಳಕು ಹರಿದ ಮೇಲೆ ಹೊರಡಬೇಕು. ದೂರ ಕಡಿಮೆ ಮಾಡಬೇಕಾಗಿ ಬಂದರೆ ಮಾಡಬೇಕು.

ದಾರಿ ಗುರುತು ಹಾಕುವವರು

ಸ್ವಯಂಸೇವಕರ ಕೆಲಸ ಓಟದ ದಿನಕ್ಕಿಂತ ಮೊದಲೇ ಶುರುವಾಗುತ್ತದೆ. ಗುರುತು ಹಾಕುವ ತಂಡ ಹಿಂದಿನ ದಿನ ಇಡೀ ದಾರಿ ನಡೆಯುತ್ತದೆ. ಮರ, ಪೊದೆಗಳಿಗೆ ಢಾಳು ಬಣ್ಣದ ಪಟ್ಟಿ ಕಟ್ಟುತ್ತಾರೆ. ದಾರಿ ಕವಲೊಡೆಯುವ ಕಡೆ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬಾಣದ ಗುರುತು ಹಾಕುತ್ತಾರೆ. ತಪ್ಪು ದಾರಿಗೆ ಅಡ್ಡಗೆರೆ ಎಳೆಯುತ್ತಾರೆ. ಕವಲು ದಾಟಿದ ಸ್ವಲ್ಪ ದೂರದಲ್ಲೇ ಇನ್ನೊಂದು ಪಟ್ಟಿ ಇರಬೇಕು. ‘ಸರಿಯಾದ ದಾರಿಯಲ್ಲೇ ಇದ್ದೀಯ’ ಎಂದು ಅದು ಹೇಳುತ್ತದೆ. ಆರು ಗಂಟೆ ಓಡಿ ದಣಿದವನಿಗೆ ಆ ಒಂದು ಪಟ್ಟಿ ಕೊಡುವ ನೆಮ್ಮದಿ ಸಣ್ಣದಲ್ಲ.

ಇಲ್ಲಿ ಸ್ಥಳೀಯರ ಅರಿವಿಗೆ ಬದಲಿ ಇಲ್ಲ. ನಕ್ಷೆಯಲ್ಲಿ ಒಂದೇ ಗೆರೆಯಾಗಿ ಕಾಣುವ ದಾರಿ ನೆಲದ ಮೇಲೆ ನಾಲ್ಕಾಗಿರುತ್ತದೆ. ಕುರಿ ಇಳಿದ ಜಾಡು, ಸೌದೆಗೆ ಹೋದವರ ಜಾಡು, ಮಳೆನೀರು ಕೊರೆದ ಹಳ್ಳ, ನಿಜವಾದ ಕಾಲುದಾರಿ, ಎಲ್ಲ ಒಂದೇ ತರಹ. ಮಾರಿಕಣಿವೆಯ ತಪ್ಪಲಿನಲ್ಲಿ ನಾವು ಕೆಲವರು ನಡೆಯುತ್ತಿದ್ದಾಗ ಎದುರಾದ ಕುರಿಗಾಹಿಯೊಬ್ಬರು ನಮ್ಮನ್ನು ತಡೆದಿದ್ದರು. “ಆ ಕೊರಕಲು ಹಿಡೀಬ್ಯಾಡ್ರಿ ಸ್ವಾಮೇರ, ಮ್ಯಾಲೆ ಬಂಡೆ ಸಂದೀಲಿ ಕರಡಿ ಐತೆ. ಈ ಕಡೆ ಹುಣಸೆಮರದ ಗುಂಟ ಬರ್ರಿ” ಎಂದರು. ಅವರ ಕೈಯಲ್ಲಿ ಒಂದು ಕೋಲು, ಹೆಗಲ ಮೇಲೆ ಕಂಬಳಿ. ಕುರಿಗಳು ಒಂದು ತಿರುವಿನಲ್ಲಿ ತಟಕ್ಕನೆ ನಿಂತು ಕಿವಿ ನಿಮಿರಿಸಿದ್ದನ್ನು ನೋಡಿಯೇ ಅವರು ಆ ಸಂದಿಯ ಕಡೆ ಕಣ್ಣಿಟ್ಟಿದ್ದರಂತೆ. ಯಾವ ಹಳ್ಳದಲ್ಲಿ ಜನವರಿಯಲ್ಲೂ ನೀರು ಜಿನುಗುತ್ತದೆ, ಮೊಬೈಲ್ ಸಿಗ್ನಲ್ ಯಾವ ಬಂಡೆಯ ಮೇಲೆ ಹತ್ತಿದರೆ ಸಿಗುತ್ತದೆ, ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂದು ಅವರು ಬೆರಳು ಮಾಡಿ ತೋರಿಸುತ್ತ ಹೋದರು. ಓಟದ ಸುರಕ್ಷತಾ ಯೋಜನೆಯಲ್ಲಿ ಬೇಕಾಗುವ ಮುಖ್ಯ ವಿವರಗಳೆಲ್ಲ ಆ ಮಾತಿನಲ್ಲಿದ್ದವು.

ತಂಗುದಾಣದ ಮೇಜು

ಓಟದ ದಾರಿಯಲ್ಲಿ ಕೆಲವು ಕಿಲೊಮೀಟರಿಗೊಂದರಂತೆ ತಂಗುದಾಣ ಇರುತ್ತದೆ. ಓಟಗಾರರ ಬಾಯಲ್ಲಿ ಅದು ಏಡ್ ಸ್ಟೇಷನ್. ಒಂದು ಶಾಮಿಯಾನ, ಎರಡು ಮೇಜು, ನೀರಿನ ಕ್ಯಾನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬರೆಯಲು ಪುಸ್ತಕ. ಮೇಜಿನ ಮೇಲೆ ಬಾಳೆಹಣ್ಣು, ಕಿತ್ತಳೆ ಹೋಳು, ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ, ಕಡಲೆಬೀಜದ ಚಿಕ್ಕಿ, ಓಆರ್‌ಎಸ್. ನಮ್ಮ ಕಡೆ ಓಟ ನಡೆದರೆ ಇದಕ್ಕೆ ಉಪ್ಪು ಹಾಕಿದ ನೀರುಮಜ್ಜಿಗೆ, ರಾಗಿ ಅಂಬಲಿ, ನಿಂಬೆಹಣ್ಣಿನ ಪಾನಕ, ಮೊಸರನ್ನ, ಖಾರ ಕಡಿಮೆ ಮಾಡಿದ ಮಂಡಕ್ಕಿ ಒಗ್ಗರಣೆ ಸೇರಬೇಕು. ಬಿಸಿಲಲ್ಲಿ ದುಡಿಯುವ ದೇಹಕ್ಕೆ ನೀರು, ಉಪ್ಪು, ಬೇಗ ಅರಗುವ ಹಿಟ್ಟಿನಂಶ ಒಟ್ಟಿಗೆ ಬೇಕು. ಹೊಲದ ಕೆಲಸದವರು ಬುತ್ತಿಯಲ್ಲಿ ತಲೆಮಾರುಗಳಿಂದ ಕಟ್ಟಿಕೊಂಡು ಹೋಗಿರುವುದು ಇದನ್ನೇ.

ಆದರೆ ಮೇಜಿನ ಹಿಂದಿನವರ ನಿಜವಾದ ಕೆಲಸ ಮುಖ ನೋಡುವುದು. ಮಲೆನಾಡಿನ ಓಟವೊಂದರಲ್ಲಿ ನಾನು ರಾತ್ರಿ ಪಾಳಿಯಲ್ಲಿದ್ದೆ. ಕಾಫಿ ತೋಟದ ಕತ್ತಲಿಂದ ಹೆಡ್‌ಲ್ಯಾಂಪಿನ ಬೆಳಕೊಂದು ತೂರಾಡುತ್ತ ಬಂತು. ಓಟಗಾರ ಬಾಟಲಿ ಮುಂದೆ ಚಾಚಿ, “ನೀರು, ಪೂರ್ತಿ ತುಂಬ್ಸಿ” ಎಂದ. ನಾನು ಜಗ್ಗಿಗೆ ಕೈ ಹಾಕುವಷ್ಟರಲ್ಲಿ ಪಕ್ಕದಲ್ಲಿದ್ದ ಹಿರಿಯ ಸ್ವಯಂಸೇವಕಿ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದವರು, ನನ್ನ ಕೈ ತಡೆದರು. “ಅಣ್ಣಾ, ಯಾವೂರು ನಿಮ್ದು?” ಎಂದು ಕೇಳಿದರು. ಆತ ಬಾಯಿ ತೆರೆದ; ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಅಕ್ಕ ಅಷ್ಟರಲ್ಲಿ ಆತನ ಕೈ ನೋಡಿದ್ದರು. ಬೆರಳುಗಳು ಊದಿ ಉಂಗುರ ಚರ್ಮದೊಳಗೆ ಹೂತುಕೊಂಡಿತ್ತು. ಎಷ್ಟು ಬಾಟಲಿ ಕುಡಿದಿರಿ, ವಾಂತಿ ಬರುವ ಹಾಗಿದೆಯೇ, ತಲೆ ನೋಯುತ್ತಿದೆಯೇ ಎಂದು ಒಂದೊಂದಾಗಿ ಕೇಳಿದರು. ಆತ ಪ್ರತಿ ತಂಗುದಾಣದಲ್ಲೂ ಹೊಟ್ಟೆ ತುಂಬ ಬರೀ ನೀರು ಕುಡಿದು ಬಂದಿದ್ದ. ಅಕ್ಕ ನೀರು ಕೊಡಲಿಲ್ಲ. ಕಂಬಳಿ ಹೊದಿಸಿ ಕೂರಿಸಿ, ವೈದ್ಯರನ್ನು ಕರೆಸಿದರು. ಆ ಓಟಗಾರನ ಓಟ ಅಲ್ಲಿಗೆ ಮುಗಿಯಿತು. ಬೆಳಗಿನ ಹೊತ್ತಿಗೆ ಚೇತರಿಸಿಕೊಂಡು ಊರಿಗೆ ಹೊರಟ.

ದೂರದ ಓಟದಲ್ಲಿ ನೀರು ಸಾಲದೆ ಬೀಳುವವರಿರುವಂತೆ ನೀರು ಹೆಚ್ಚಾಗಿ ಬೀಳುವವರೂ ಇದ್ದಾರೆ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ಪ್ರಮಾಣ ಕುಸಿಯುತ್ತದೆ. ಮಿದುಳು ಬಾತುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಮಿತಿ ಮೀರಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ಬೆರಳು ಊದಿದ್ದೊಂದನ್ನೇ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ. ಓಡುವಾಗ ಹಲವರ ಬೆರಳು ಊದುತ್ತದೆ. ಅದರ ಜೊತೆಗೆ ಮಾತು ತೊದಲಿದರೆ, ಊರು ಹೆಸರು ನೆನಪಾಗದಿದ್ದರೆ ಎಚ್ಚರವಾಗಬೇಕು. ಆದ್ದರಿಂದ ‘ಯಾವೂರು?’, ‘ಕೊನೆಗೆ ಏನು ತಿಂದಿರಿ?’, ‘ಮೂತ್ರಕ್ಕೆ ಯಾವಾಗ ಹೋಗಿದ್ದಿರಿ?’ ಎಂಬ ಸಾದಾ ಪ್ರಶ್ನೆಗಳಿಗೆ ತಂಗುದಾಣದಲ್ಲಿ ಬಹಳ ಬೆಲೆ. ಉಪಚಾರದ ಮಾತಿನಂತೆ ಕೇಳಿಸಿದರೂ ಅವು ಪರೀಕ್ಷೆಯೇ.

ಬಯಲುಸೀಮೆಯಲ್ಲಿ ಇದಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಬಿಸಿಲ ಹೊಡೆತ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮನುಷ್ಯ ಒದ್ದಾಡುತ್ತ ಅಸಂಬದ್ಧ ಮಾತಾಡತೊಡಗಿದರೆ ಅದು ತುರ್ತು ಸ್ಥಿತಿ. ಆಗ ಎಲ್ಲರ ಮನಸ್ಸು ಆಂಬುಲೆನ್ಸ್ ಕಡೆ ಓಡುತ್ತದೆ. ವೈದ್ಯರು ಹೇಳುವ ಕ್ರಮ ಬೇರೆ: ಆಂಬುಲೆನ್ಸ್‌ಗೆ ಕರೆ ಹೋಗಲಿ, ಆದರೆ ಅದು ಬರುವವರೆಗೆ ಕಾಯದೆ ಮೊದಲು ಮೈ ತಣ್ಣಗೆ ಮಾಡಬೇಕು, ಸಾಗಿಸುವುದು ಆಮೇಲೆ. ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಸಿ, ತಲೆ ಹಿಡಿದುಕೊಂಡಿರುವುದು ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ. ತೊಟ್ಟಿ ಇಲ್ಲದಿದ್ದರೆ ನೆರಳಲ್ಲಿ ಮಲಗಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸಬೇಕು. ಹಿರಿಯೂರು, ಹೊಸದುರ್ಗದ ಹೊಲ ತೋಟಗಳಲ್ಲಿ ಬೋರ್‌ವೆಲ್ ಪಕ್ಕದ ತೊಟ್ಟಿಗಳಿಗೆ ಬರವಿಲ್ಲ. ಯಾವ ತೋಟದ ತೊಟ್ಟಿ ದಾರಿಗೆ ಹತ್ತಿರ, ಕರೆಂಟು ಯಾವ ಹೊತ್ತಿಗೆ ಬರುತ್ತದೆ, ತೋಟದ ಯಜಮಾನರ ಒಪ್ಪಿಗೆ ಇದೆಯೇ ಎಂದು ವಾರದ ಮೊದಲೇ ಕೇಳಿ ಬರೆದಿಟ್ಟುಕೊಂಡ ತಂಡ ಒಂದು ಜೀವ ಉಳಿಸಬಲ್ಲದು. ಹಾವಿನ ವಿಷಯದಲ್ಲೂ ಇದೇ ಮಾತು. ಕಡಿದ ಜಾಗ ಕೊಯ್ಯಬಾರದು, ಬಿಗಿದು ಕಟ್ಟಬಾರದು, ಅಲುಗಾಡದಂತೆ ಇರಿಸಿ ಆಸ್ಪತ್ರೆಗೆ ಸಾಗಿಸಬೇಕು. ವಿಷಕ್ಕೆ ಕೊಡುವ ಚುಚ್ಚುಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂಬುದು ತಂಗುದಾಣದ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು.

ಲೆಕ್ಕ ತಪ್ಪಬಾರದು

ಪ್ರತಿ ಓಟಗಾರನ ಎದೆಯ ಮೇಲೆ ಒಂದು ನಂಬರ್ ಚೀಟಿ ಇರುತ್ತದೆ. ತಂಗುದಾಣಕ್ಕೆ ಬಂದ ಹೊತ್ತು, ಹೊರಟ ಹೊತ್ತು ಎರಡನ್ನೂ ಒಬ್ಬರು ಬರೆಯುತ್ತಾರೆ. ಕೇಳಲು ಸಪ್ಪೆ ಕೆಲಸ. ಆದರೆ ಕಾಡಿನಲ್ಲಿ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ ಎಂದು ಮೊದಲು ಹೇಳುವುದು ಈ ಪುಸ್ತಕವೇ. ಮೂರನೇ ತಂಗುದಾಣ ಬಿಟ್ಟವರು ಎಂಬತ್ತು, ನಾಲ್ಕಕ್ಕೆ ಬಂದವರು ಎಪ್ಪತ್ತೊಂಬತ್ತು ಎಂದಾದರೆ ಉಳಿದ ಒಬ್ಬರು ಎಲ್ಲಿ? ದಾರಿ ತಪ್ಪಿದರೇ, ಕಾಲು ಉಳುಕಿ ಕೂತರೇ, ಯಾರದೋ ಬೈಕ್ ಹತ್ತಿ ಊರಿಗೆ ಹೋದರೇ? ಉತ್ತರ ಸಿಗುವವರೆಗೆ ಯಾರೂ ಜಾಗ ಬಿಟ್ಟು ಕದಲುವಂತಿಲ್ಲ. ನೆಟ್‌ವರ್ಕ್ ಇಲ್ಲದ ಗುಡ್ಡದಲ್ಲಿ ವಾಟ್ಸ್‌ಆ್ಯಪ್ ನಂಬಿ ಕೂರಲಾಗದು; ವಾಕಿಟಾಕಿ ಬೇಕು, ಇಲ್ಲವೇ ಬೈಕಿನಲ್ಲಿ ಹಾಳೆ ಒಯ್ಯುವ ಹುಡುಗರು ಬೇಕು.

ಕೊನೆಯ ಓಟಗಾರನ ಹಿಂದೆ ಇಬ್ಬರು ನಡೆದು ಬರುತ್ತಾರೆ. ಅವರಿಗೆ ಸ್ವೀಪರ್ ಎನ್ನುತ್ತಾರೆ. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು, ಕಟ್ಟಿದ ಪಟ್ಟಿ ಬಿಚ್ಚುವುದು, ಬಿದ್ದ ಕಸ ಹೆಕ್ಕುವುದು ಅವರ ಪಾಲು. ಎಲ್ಲರಿಗಿಂತ ನಿಧಾನವಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ದಾರಿಯಲ್ಲಿರುವವರು ಅವರೇ. ದಣಿದು ಅಳುವ ಹಂತಕ್ಕೆ ಬಂದವರ ಜೊತೆ ಮಾತಾಡುತ್ತ ನಡೆಸಿಕೊಂಡು ಬರುವ ತಾಳ್ಮೆ ಅವರಲ್ಲಿರಬೇಕು. ಸ್ವಯಂಸೇವಕರಲ್ಲಿ ಅತಿ ಅನುಭವಿಗಳನ್ನು ಈ ಜಾಗಕ್ಕೆ ಹಾಕುವುದು ಒಳ್ಳೆಯ ಆಯೋಜಕರ ಲಕ್ಷಣ.

ಎಲ್ಲಕ್ಕಿಂತ ಕಠಿಣವಾದದ್ದು ‘ಸಾಕು, ನಿಲ್ಲಿಸಿ’ ಎಂದು ಹೇಳುವುದು. ಪ್ರತಿ ತಂಗುದಾಣಕ್ಕೂ ಇಷ್ಟು ಹೊತ್ತಿನೊಳಗೆ ತಲುಪಬೇಕೆಂಬ ಗಡುವು ಇರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆದು ಬಂದಿರುವ ಕಾಮ್ರೇಡ್ಸ್ ರಸ್ತೆ ಓಟದಲ್ಲಿ 12 ಗಂಟೆಗಳ ಗಡುವು. ಅಲ್ಲಿ ಗಡುವು ಮುಗಿದಾಗ ಗುಂಡು ಹಾರಿಸುವ ಅಧಿಕಾರಿ ಓಟಗಾರರಿಗೆ ಬೆನ್ನು ಹಾಕಿ ನಿಲ್ಲುತ್ತಾನೆ, ಗೆರೆಯ ಬಳಿಗೆ ಬಂದವರ ಮುಖ ಕಂಡರೆ ಕೈ ತಡೆದೀತು ಎಂದು. ಬೆಟ್ಟದ ತಂಗುದಾಣದಲ್ಲಿ ನಿಂತವರಿಗೆ ಬೆನ್ನು ಹಾಕುವ ಅವಕಾಶವಿಲ್ಲ. ತಿಂಗಳುಗಟ್ಟಲೆ ತಯಾರಾಗಿ ಬಂದವರ ಕಣ್ಣು ನೋಡಿಕೊಂಡೇ ‘ಇನ್ನು ಮುಂದೆ ಬೇಡ’ ಎನ್ನಬೇಕು. ಬೈಸಿಕೊಳ್ಳಬೇಕಾಗುತ್ತದೆ, ಕೆಲವೊಮ್ಮೆ ಅವರ ಜೊತೆ ಕೂತು ಸಮಾಧಾನ ಹೇಳಬೇಕಾಗುತ್ತದೆ. ಆದರೂ ಮೆತ್ತಗಾಗಬಾರದು. ಗಡುವು ಮೀರಿ ಒಬ್ಬರನ್ನು ಕರುಣೆಯಿಂದ ಮುಂದೆ ಬಿಟ್ಟರೆ, ಕತ್ತಲಾದ ಮೇಲೆ ಅವರನ್ನು ಹುಡುಕಲು ಹತ್ತು ಜನ ಗುಡ್ಡ ಹತ್ತಬೇಕಾಗುತ್ತದೆ.

ಈ ನೆಲಕ್ಕೆ ಹೊಸದಲ್ಲ

ಇಷ್ಟನ್ನೆಲ್ಲ ಓದಿದ ದುರ್ಗದ ಓದುಗರಿಗೆ ಇದು ಪೂರಾ ಹೊಸ ವಿಷಯ ಅನಿಸಲಿಕ್ಕಿಲ್ಲ. ಫಾಲ್ಗುಣದ ಸುಡುಬಿಸಿಲಿನಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ನಡೆದು ಬರುವವರಿಗೆ ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಪಾನಕ ಕೊಡುವವರು ನಿಂತಿರುತ್ತಾರೆ. ಶಿವರಾತ್ರಿಗೆ ಧರ್ಮಸ್ಥಳದತ್ತ, ಯುಗಾದಿಗೆ ಶ್ರೀಶೈಲದತ್ತ ದಿನಗಟ್ಟಲೆ ನಡೆಯುವವರಿಗೆ ನಾಡಿನ ಎಷ್ಟೋ ಊರುಗಳವರು ಅನ್ನ ಹಾಕಿ, ಕಾಲಿಗೆ ಎಣ್ಣೆ ನೀವಿ, ಮಲಗಲು ಜಾಗ ಕೊಟ್ಟು ಕಳಿಸುತ್ತಾರೆ. ದಾರಿಹೋಕರಿಗೆ ನೀರಿಡುವ ಅರವಟ್ಟಿಗೆಗೆ ದತ್ತಿ ಬಿಟ್ಟ ಸಂಗತಿ ನಮ್ಮ ಹಳೆಯ ಶಾಸನಗಳಲ್ಲೂ ಉಂಟು. ಮೈಲಿಗಟ್ಟಲೆ ಸಾಗುವ ದೇಹಕ್ಕೆ ಏನು ಬೇಕು, ಯಾವ ಹೊತ್ತಿಗೆ ಬೇಕು ಎಂಬ ತಿಳಿವು ಈ ಪದ್ಧತಿಗಳಲ್ಲಿ ಬೆಳೆದು ಬಂದಿದೆ.

ವ್ಯಾಯಾಮವನ್ನೂ ಸೇವೆಯನ್ನೂ ಒಂದೇ ಬದುಕಿನಲ್ಲಿ ಬೆಸೆದು ತೋರಿಸಿದವರೂ ಇದೇ ಬೆಟ್ಟಸಾಲಿನ ನೆರಳಲ್ಲಿದ್ದರು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಯೋಗ, ವ್ಯಾಯಾಮ, ಆಯುರ್ವೇದ ಮೂರನ್ನೂ ಊರೂರಿಗೆ ಒಯ್ದರು. ಶಿಬಿರ ನಡೆಸಿ ಹಳ್ಳಿಯ ಹುಡುಗರ ಮೈ ಹುರಿಗೊಳಿಸಿದರು, ಜೋಳಿಗೆ ಹಿಡಿದು ಸಂಸ್ಥೆ ಬೆಳೆಸಿದರು. ‘ತಿರುಕ’ ಎಂಬ ಹೆಸರಿನಲ್ಲಿ ಬರೆದರು. 1996ರಲ್ಲಿ ತೀರಿಕೊಳ್ಳುವವರೆಗೂ ಅವರು ನಡೆದ ದಾರಿ ಅದೇ. ಗಟ್ಟಿಮುಟ್ಟಾದ ದೇಹ ಇನ್ನೊಬ್ಬರಿಗೆ ಒದಗಬೇಕು ಎಂಬ ಪಾಠ ಈ ಜಿಲ್ಲೆಯವರಿಗೆ ಹೊರಗಿನಿಂದ ಬರಬೇಕಾಗಿಲ್ಲ.

ಹಾಗೆಂದು ಜಾತ್ರೆಯ ಸೇವೆಯನ್ನು ಹಾಗೇ ಎತ್ತಿ ಓಟಕ್ಕೆ ಇಟ್ಟರೆ ಸಾಲದು. ಜಾತ್ರೆಯಲ್ಲಿ ಕೇಳಿದವರಿಗೆಲ್ಲ ಕೇಳಿದಷ್ಟು ಕೊಡುವುದೇ ಪುಣ್ಯ. ಓಟದಲ್ಲಿ ಕೆಲವೊಮ್ಮೆ ಕೊಡದಿರುವುದೇ ಕಾಪಾಡುತ್ತದೆ. ಜಾತ್ರೆಯಲ್ಲಿ ಎಷ್ಟು ಜನ ಬಂದರೆಂದು ಯಾರೂ ತಲೆ ಎಣಿಸುವುದಿಲ್ಲ. ಓಟದಲ್ಲಿ ಎಣಿಸದಿದ್ದರೆ ಅನಾಹುತ. ಇರುವ ಔದಾರ್ಯಕ್ಕೆ ತರಬೇತಿಯ ಶಿಸ್ತು ಸೇರಬೇಕು. ಒಂದು ದಿನದ ಕಮ್ಮಟ ಸಾಕು: ಪ್ರಥಮ ಚಿಕಿತ್ಸೆ, ನಂಬರ್ ಬರೆಯುವ ರೀತಿ, ವಾಕಿಟಾಕಿ ಬಳಕೆ, ಯಾರನ್ನು ಯಾವಾಗ ನಿಲ್ಲಿಸಬೇಕೆಂಬ ನಿಯಮ.

ಸೇವೆ ಯಾರದು, ಕೂಲಿ ಯಾರದು

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ದೂರದ ಓಟಗಳಲ್ಲಿ ಓಡಲು ಸಾವಿರಾರು ರೂಪಾಯಿ ಶುಲ್ಕವಿರುತ್ತದೆ, ಪ್ರಾಯೋಜಕರಿರುತ್ತಾರೆ. ಪಟ್ಟಣದಿಂದ ಇಷ್ಟಪಟ್ಟು ಬಂದು ಒಂದು ರಾತ್ರಿ ನಿಲ್ಲುವವರದು ಸ್ವಯಂಸೇವೆ. ಅದೇ ದಿನ ತನ್ನ ಮಂದೆಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ಗುಡ್ಡದ ಕವಲಿನಲ್ಲಿ ದಾರಿ ತೋರಲು ನಿಲ್ಲುವ ಕುರಿಗಾಹಿಯ ದಿನದ ದುಡಿಮೆ ಹೋಗುತ್ತದೆ. ಅವರಿಗೆ ಟೀ ಶರ್ಟು, ಪ್ರಮಾಣಪತ್ರ ಕೊಟ್ಟು ಕೈ ತೊಳೆದುಕೊಳ್ಳುವುದು ಸರಿಯಲ್ಲ. ಜಾಗದ ಅರಿವು ಇಲ್ಲಿ ಪರಿಣತಿ. ಓಟಕ್ಕೆ ಬರುವ ವೈದ್ಯರಿಗೆ ಕೊಡುವ ಹಾಗೆ ಅವರಿಗೂ ಸಂಭಾವನೆ ಕೊಡಬೇಕು. ಅಡುಗೆ ಮಾಡುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ, ನೀರು ಹೊರುವವರಿಗೆ, ಜೀಪು ಓಡಿಸುವವರಿಗೆ ಕೂಲಿ ಸಲ್ಲಬೇಕು. ಓಟ ಹಾಯುವ ಹಳ್ಳಿಯ ಶಾಲೆಗೋ ಕೆರೆಗೋ ಶುಲ್ಕದ ಒಂದು ಪಾಲು ಹೋದರೆ ಮರುವರ್ಷ ಊರೇ ಓಟವನ್ನು ಬರಮಾಡಿಕೊಳ್ಳುತ್ತದೆ.

ಹಾಗೆಯೇ ಕಾಡಿನ ಸಾಲವನ್ನೂ ತೀರಿಸಬೇಕು. ಬಿಸಾಡುವ ಲೋಟ ಬೇಡ, ಓಟಗಾರರೇ ಮಡಚುವ ಲೋಟ ತರಲಿ. ಗುರುತಿನ ಪಟ್ಟಿ ಬಟ್ಟೆಯದಾಗಿರಲಿ, ಸಂಜೆಯೊಳಗೆ ಪೂರಾ ಬಿಚ್ಚಿ ಬರಲಿ. ಧ್ವನಿವರ್ಧಕ ಬೆಟ್ಟದ ಬುಡದಿಂದ ದೂರವಿರಲಿ.

ಓದುಗರಲ್ಲಿ ಯಾರಿಗಾದರೂ ಈ ಕೆಲಸಕ್ಕೆ ಮನಸ್ಸಾದರೆ ಓಟಗಾರರೇ ಆಗಿರಬೇಕೆಂದಿಲ್ಲ. ನಿವೃತ್ತ ಶಿಕ್ಷಕರು ನಂಬರ್ ಬರೆಯುವುದರಲ್ಲಿ ಪಳಗಿದ ಕೈ, ಆಶಾ ಕಾರ್ಯಕರ್ತೆಯರು ಮುಖ ನೋಡಿ ಆರೋಗ್ಯ ಹೇಳಬಲ್ಲವರು, ಎನ್‌ಸಿಸಿ, ಎನ್‌ಎಸ್‌ಎಸ್ ಹುಡುಗ ಹುಡುಗಿಯರು ದಾರಿ ಕಾಯಲು ಸೈ. ನಾಡಿನಲ್ಲಿ ಈಗಾಗಲೇ ನಡೆಯುತ್ತಿರುವ ಓಟಗಳಲ್ಲಿ ಒಮ್ಮೆ ಹೆಸರು ಕೊಟ್ಟು, ಮೊದಲ ಸಲ ಅನುಭವಿಗಳ ಪಕ್ಕದಲ್ಲಿ ನಿಂತು ನೋಡಿ. ಟಾರ್ಚು, ಬೆಚ್ಚನೆಯ ಬಟ್ಟೆ, ನಿಮ್ಮ ಊಟ, ಪೆನ್ನು ಜೊತೆಗಿರಲಿ. ಒಪ್ಪಿಕೊಂಡ ಪಾಳಿಯನ್ನು ಅರ್ಧಕ್ಕೆ ಬಿಡಬೇಡಿ. ನೀವು ಬಿಟ್ಟ ಜಾಗಕ್ಕೆ ಆ ಹೊತ್ತಿನಲ್ಲಿ ಬೇರೆ ಯಾರೂ ಸಿಗುವುದಿಲ್ಲ.

ಈ ಬೆಟ್ಟಸಾಲಿನಲ್ಲಿ ಓಟ ನಡೆಸಬೇಕೆನ್ನುವವರಿಗೂ ಇದೇ ಮಾತು. ಎಷ್ಟು ಜನ ಓಡಬೇಕೆಂದು ಮೊದಲು ನಿಗದಿ ಮಾಡಿ ಆಮೇಲೆ ಸ್ವಯಂಸೇವಕರನ್ನು ಹುಡುಕುವುದು ತಲೆಕೆಳಗಾದ ಕ್ರಮ. ತರಬೇತಾದ, ಜಾಗ ಬಲ್ಲ ಜನ ಎಷ್ಟು ಸಿಗುತ್ತಾರೋ ಅಷ್ಟಕ್ಕೇ ಓಟಗಾರರ ಸಂಖ್ಯೆ ನಿಲ್ಲಬೇಕು. ಅರವತ್ತು ಜನ ನಿಲ್ಲುವವರಿದ್ದರೆ ಹದಿನೈದು ಜನ ಓಡಲಿ. ಓಟ ಚಿಕ್ಕದಾಯಿತೆಂದು ಯಾರೂ ಬೇಸರಿಸಬೇಕಾಗಿಲ್ಲ. ಹೊರಟ ಹದಿನೈದು ಮಂದಿಯೂ ಸಂಜೆ ಊಟಕ್ಕೆ ಕೂತರೆ ಆ ಓಟ ಗೆದ್ದಂತೆ.